ಕಂಪನಿ ಕೈ ಬದಲಾದರೆ ಸಾರಿನ ಪುಡಿಯೂ ಬದಲಾಗುತ್ತದೆಯೆ? ಮನೆಯಲ್ಲೇ ಪರೀಕ್ಷಿಸುವ ಬಗೆ

‘ಸಾರಿನ ಪುಡಿ ಮೊದಲಿನ ಹಾಗಿಲ್ಲ, ಕಂಪನಿ ಮಾರಿಬಿಟ್ಟರಂತಲ್ಲ’ ಎನ್ನುವ ಮಾತು ಗಾಂಧಿಬಜಾರಿನ ದಿನಸಿ ಅಂಗಡಿಯಲ್ಲೂ ಕೇಳುತ್ತದೆ, ಯಲಹಂಕದ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಕೇಳುತ್ತದೆ. ಒಂದೇ ಉಸಿರಿನಲ್ಲಿ ಹೇಳಿದರೂ ಅದರಲ್ಲಿ ಎರಡು ಸಂಗತಿಗಳಿವೆ. ಪುಡಿ ಬದಲಾಗಿದೆ ಎನ್ನುವುದು ಒಂದು, ಅದಕ್ಕೆ ಮಾಲೀಕರು ಬದಲಾದದ್ದೇ ಕಾರಣ ಎನ್ನುವುದು ಇನ್ನೊಂದು. ಮೊದಲನೆಯದು ನಿಜವಾಗಿದ್ದು ಎರಡನೆಯದು ಸುಳ್ಳಾಗಿರಬಹುದು. ಎರಡೂ ಸುಳ್ಳಾಗಿರುವುದೂ ಉಂಟು. ಇವೆರಡನ್ನೂ ಮನೆಯಲ್ಲೇ ಬೇರೆಬೇರೆಯಾಗಿ ಪರೀಕ್ಷಿಸಬಹುದು. ಅದಕ್ಕೆ ಬೇಕಾದದ್ದು ಒಂದೊಂದು ಗ್ರಾಮಿನ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ತೂಕದ ಯಂತ್ರ, ಹಾವು ಏಣಿ ಆಟದ ದಾಳ, ಮೊಬೈಲು, ಹಾಗೂ ಎಸೆಯದೆ ಇಟ್ಟುಕೊಂಡ ಹಳೆಯ ಕವರು.

ಪ್ಯಾಕೆಟ್ಟಿನ ಮೇಲೆ ಮಾಲೀಕರ ಹೆಸರಿಗಿಂತ ಕಾರ್ಖಾನೆಯ ವಿಳಾಸಕ್ಕೆ ಹೆಚ್ಚು ಬೆಲೆ ಕೊಡಿ. ಷೇರು ಯಾರ ಹೆಸರಿನಲ್ಲಿದೆ ಎನ್ನುವುದು ಮೆಣಸಿನಕಾಯಿಗೆ ಗೊತ್ತಾಗುವುದಿಲ್ಲ. ಅದನ್ನು ಯಾವ ಯಂತ್ರದಲ್ಲಿ ಹುರಿದರು, ಯಾವ ಮಂಡಿಯಿಂದ ತಂದರು, ಎಷ್ಟು ಉಪ್ಪು ಬೆರೆಸಿದರು ಎನ್ನುವುದು ಮಾತ್ರ ನಾಲಿಗೆಗೆ ತಲುಪುತ್ತದೆ.

ಮಾರಾಟ ಯಾವ ಬಗೆಯದು?

ಇಡೀ ಕಂಪನಿಯೇ ಮಾರಾಟವಾಗುವುದು ಒಂದು ಬಗೆ. ಎಂಟಿಆರ್ ಫುಡ್ಸನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡದ್ದು ಹೀಗೆ. ಲಾಲ್‌ಬಾಗ್ ರಸ್ತೆಯ ಹೋಟೆಲು ಆ ಮಾರಾಟದಲ್ಲಿ ಸೇರಿರಲಿಲ್ಲ, ಅದು ಕುಟುಂಬದ ಕೈಯಲ್ಲೇ ಉಳಿಯಿತು. ಆದ್ದರಿಂದ ಹೋಟೆಲಿನ ರವೆ ಇಡ್ಲಿಯ ಬಗ್ಗೆ ದೂರಿದ್ದರೆ ಅದಕ್ಕೆ ಪ್ಯಾಕೆಟ್ಟಿನ ಕಂಪನಿಯ ಮಾರಾಟವನ್ನು ಎಳೆದು ತರುವುದು ತಪ್ಪು. ಹೆಸರೊಂದೇ, ಅಡುಗೆಮನೆ ಬೇರೆ. ಪ್ರೀತಿ ಮಿಕ್ಸಿಯ ಕಂಪನಿಯದು ಎರಡು ಹಂತದ ಕಥೆ. 2011ರಲ್ಲಿ ಅದು ಫಿಲಿಪ್ಸ್ ಪಾಲಾಯಿತು. 2021ರಲ್ಲಿ ಫಿಲಿಪ್ಸ್ ತನ್ನ ಗೃಹೋಪಕರಣದ ವಿಭಾಗವನ್ನೇ ಹಿಲ್‌ಹೌಸ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು, ಆ ವಿಭಾಗದ ಈಗಿನ ಹೆಸರು ವರ್ಸುನಿ. ಬಟರ್‌ಫ್ಲೈ ಕಂಪನಿಯ ಹೆಚ್ಚಿನ ಪಾಲನ್ನು ಕ್ರಾಂಪ್ಟನ್ 2022ರಲ್ಲಿ ಕೊಂಡಿತು. ಇಂಥ ಮಾರಾಟದಲ್ಲಿ ಕಾರ್ಖಾನೆ, ಕೆಲಸಗಾರರು, ಸರಕು ಪೂರೈಸುವವರು ಸಾಮಾನ್ಯವಾಗಿ ಜೊತೆಗೇ ಹೋಗುತ್ತಾರೆ. ಮೊದಲ ದಿನದಿಂದಲೇ ರುಚಿ ಕೆಟ್ಟಿತು ಎಂದರೆ ನಂಬುವುದು ಕಷ್ಟ.

ಬರೀ ಬ್ರಾಂಡಿನ ಹಕ್ಕು ಕೈ ಬದಲಾಗುವುದು ಎರಡನೆಯ ಬಗೆ. ಸ್ಯಾವ್ಲಾನ್ 2015ರಲ್ಲಿ ಜಾನ್ಸನ್ ಅಂಡ್ ಜಾನ್ಸನ್‌ನಿಂದ ಐಟಿಸಿಗೆ ಬಂತು. ಇಂಥಲ್ಲಿ ಹೊಸ ಮಾಲೀಕರು ತಮ್ಮದೇ ಘಟಕದಲ್ಲಿ ತಯಾರಿಸಬಹುದು, ಬೇರೆಯವರಿಂದ ಮಾಡಿಸಿಕೊಳ್ಳಲೂಬಹುದು. ಮೂರನೆಯದು ಪರವಾನಗಿ. ಹೆಸರಿನ ಒಡೆಯರು ಒಬ್ಬರು, ಸಾಮಾನು ಮಾಡಿಸಿ ಮಾರುವವರು ಮತ್ತೊಬ್ಬರು. ಬೆಂಗಳೂರಿನವರಿಗೆ ತೀರಾ ಪರಿಚಿತವಾದ ಬಿಪಿಎಲ್ ಹೆಸರನ್ನು ರಿಲಯನ್ಸ್ ರಿಟೇಲ್ ಪರವಾನಗಿ ಪಡೆದು ಟಿವಿ, ಫ್ರಿಜ್ಜುಗಳ ಮೇಲೆ ಹಾಕಿದ್ದು ಈ ಬಗೆ. ಇಲ್ಲಿ ಹಳೆಯ ಸಾಮಾನಿಗೂ ಹೊಸದಕ್ಕೂ ಹೆಸರಿನ ಹೊರತು ಯಾವ ನೆಂಟೂ ಇರಲೇಬೇಕೆಂದಿಲ್ಲ. ಇಂಥದನ್ನು ಹೊಸ ಬ್ರಾಂಡು ಎಂದುಕೊಂಡೇ ಪರೀಕ್ಷಿಸಿ ಕೊಳ್ಳಬೇಕು.

ಯಾವ ಬಗೆ ಎಂದು ತಿಳಿಯುವುದು ಸುಲಭ. ಕೊಂಡ ಅಥವಾ ಮಾರಿದ ಕಂಪನಿ ಷೇರುಪೇಟೆಯಲ್ಲಿದ್ದರೆ ಎನ್‌ಎಸ್‌ಇ, ಬಿಎಸ್‌ಇ ಜಾಲತಾಣಗಳಲ್ಲಿ ಅದರ ಪ್ರಕಟಣೆ ಸಿಗುತ್ತದೆ. ಕಾರ್ಖಾನೆಗಳೂ ಸೇರಿವೆಯೆ ಎಂಬುದನ್ನು ಅಲ್ಲೇ ನೋಡಿ. ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ‘ಪರವಾನಗಿಯಡಿ ಬಳಸಲಾದ ಟ್ರೇಡ್‌ಮಾರ್ಕ್’ ಎಂಬರ್ಥದ ಸಾಲಿದ್ದರೆ ಅದು ಮೂರನೆಯ ಬಗೆ.

ಹಳೆಯ ಕವರು, ಹೊಸ ಕವರು ಅಕ್ಕಪಕ್ಕ

ಎರಡೂ ಕವರುಗಳನ್ನು ಬಿಡಿಸಿ ಮೇಜಿನ ಮೇಲೆ ಹರಡಿ, ಹಿಂಬದಿಯ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಹಳೆಯ ಕವರು ಇಲ್ಲದಿದ್ದರೆ ನಿಧಾನವಾಗಿ ಖರ್ಚಾಗುವ ಸಣ್ಣ ಅಂಗಡಿಯ ಹಿಂದಿನ ಸಾಲಿನಲ್ಲಿ ಹುಡುಕಿ, ಸಿಕ್ಕೀತು.

ಮೊದಲು ನೋಡಬೇಕಾದದ್ದು ‘ತಯಾರಕರು’ ಎಂಬ ಸಾಲಿನಲ್ಲೂ ‘ಮಾರಾಟಗಾರರು’ ಎಂಬ ಸಾಲಿನಲ್ಲೂ ಯಾರ ಹೆಸರಿದೆ ಎನ್ನುವುದನ್ನು. ಎರಡೂ ಹೆಸರುಗಳು ಬೇರೆಯಾಗಿದ್ದರೆ ಸಾಮಾನು ಹೊರಗಿನವರ ಘಟಕದಲ್ಲಿ ತಯಾರಾಗಿದೆ ಎಂದರ್ಥ. ಹಳೆಯ ಕವರಿನಲ್ಲಿ ಒಂದೇ ಹೆಸರಿದ್ದು ಹೊಸದರಲ್ಲಿ ಎರಡಾಗಿದ್ದರೆ ಅಲ್ಲಿ ಬೆರಳಿಡಿ. ಕೆಲವು ಕವರುಗಳಲ್ಲಿ ನಾಲ್ಕೈದು ವಿಳಾಸ ಕೊಟ್ಟು ‘ತಯಾರಾದ ಘಟಕಕ್ಕೆ ಬ್ಯಾಚ್ ಸಂಖ್ಯೆಯ ಮೊದಲ ಅಕ್ಷರ ನೋಡಿ’ ಎಂದಿರುತ್ತದೆ. ಆಗ ಬ್ಯಾಚಿನ ಅಕ್ಷರ ಬರೆದಿಟ್ಟುಕೊಳ್ಳಿ. ಒಂದೇ ಬ್ರಾಂಡು, ಒಂದೇ ತಿಂಗಳು, ಆದರೂ ಎರಡು ಪ್ಯಾಕೆಟ್ಟು ಎರಡು ಊರಿನವಾಗಿರುತ್ತವೆ. ‘ಒಂದ್ಸಲ ಚೆನ್ನಾಗಿರತ್ತೆ, ಒಂದ್ಸಲ ಇಲ್ಲ’ ಎನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ, ಮಾಲೀಕರಲ್ಲ.

ಆಹಾರ ಪದಾರ್ಥವಾದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದೇ ಇರುತ್ತದೆ. ಮೊದಲ ಅಂಕಿ 1 ಆಗಿದ್ದರೆ ಪರವಾನಗಿ, 2 ಆಗಿದ್ದರೆ ಬರೀ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 12, ಕೇಂದ್ರದ ಪರವಾನಗಿಗೆ 00. ಆಮೇಲಿನ ಎರಡು ಅಂಕಿ ಪರವಾನಗಿ ಕೊಟ್ಟ ವರ್ಷ. ಅಂದರೆ 11222 ಎಂದು ಶುರುವಾದರೆ ಕರ್ನಾಟಕದಲ್ಲಿ 2022ರಲ್ಲಿ ಕೊಟ್ಟದ್ದು. ಪೂರ್ತಿ ಸಂಖ್ಯೆಯನ್ನು ಅದೇ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರಿನ, ಎಲ್ಲಿನ ಘಟಕ ಎಂದು ತೋರಿಸುತ್ತದೆ. ಮಿಕ್ಸಿ, ಕುಕ್ಕರು, ಗೀಸರುಗಳಲ್ಲಿ ಐಎಸ್ಐ ಗುರುತಿನ ಕೆಳಗಿರುವ ಸಿಎಂ/ಎಲ್ ಎಂಬ ಪರವಾನಗಿ ಸಂಖ್ಯೆಗೂ ಇದೇ ಕೆಲಸ. ಆ ಪರವಾನಗಿಯನ್ನು ಕಂಪನಿಗಲ್ಲ, ನಿರ್ದಿಷ್ಟ ಕಾರ್ಖಾನೆಗೆ ಕೊಡುತ್ತಾರೆ. ಐಎಸ್ಐ ಗುರುತು ಕೊಡುವ ಸಂಸ್ಥೆಯಾದ ಬಿಐಎಸ್‌ನ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಸಂಖ್ಯೆ ಹಾಕಿ ನೋಡಿ. ಹಳೆಯ ಮಿಕ್ಸಿಯದೂ ಹೊಸದರದೂ ಒಂದೇ ಸಂಖ್ಯೆಯಾಗಿದ್ದರೆ ಕಾರ್ಖಾನೆ ಬದಲಾಗಿಲ್ಲ.

ಇನ್ನು ಒಳಗಿರುವ ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ, ಹಾಗಾಗಿ ಪಟ್ಟಿಯ ಕ್ರಮವೇ ಅರ್ಧ ಪಾಕವಿಧಾನ. ಸಾರಿನ ಪುಡಿಯಲ್ಲಿ ಧನಿಯ ಮೊದಲಿದ್ದದ್ದು ಕೆಳಗಿಳಿದು ಉಪ್ಪು ಮೇಲೇರಿದ್ದರೆ ಅದು ನಿಜವಾದ ಬದಲಾವಣೆ, ವಾದವೇ ಬೇಡ. ಮೆಣಸು, ಜೀರಿಗೆ, ಇಂಗು ದುಬಾರಿ. ಉಪ್ಪು, ಹಿಟ್ಟು, ಸಕ್ಕರೆ ಅಗ್ಗ. ಅಗ್ಗದ್ದು ಮೇಲೇರಿ ದುಬಾರಿಯದು ಇಳಿದಿದೆಯೆ ಎಂಬುದನ್ನಷ್ಟೇ ನೋಡಿದರೆ ಸಾಕು.

ಉಪ್ಪು ಎಷ್ಟಿದೆ ಎಂದು ಲೆಕ್ಕ ಹಾಕಲೂಬಹುದು. ಈಚಿನ ಪ್ಯಾಕೆಟ್ಟುಗಳಲ್ಲಿ 100 ಗ್ರಾಮಿಗೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಕೊಟ್ಟಿರುತ್ತಾರೆ. ಅದನ್ನು 2.5ರಿಂದ ಗುಣಿಸಿದರೆ ಉಪ್ಪಿನ ಅಂದಾಜು ಸಿಗುತ್ತದೆ. ಸೋಡಿಯಂ 4,000 ಮಿಲಿಗ್ರಾಂ ಇದ್ದರೆ ಉಪ್ಪು ಸುಮಾರು 10 ಗ್ರಾಂ. ಹಿಂದಿನ ಕವರಿನಲ್ಲಿ 2,000 ಇದ್ದು ಈಗ 4,000 ಆಗಿದ್ದರೆ ಪ್ರತಿ 100 ಗ್ರಾಮಿನಲ್ಲಿ 5 ಗ್ರಾಂ ಮಸಾಲೆಯ ಜಾಗಕ್ಕೆ ಉಪ್ಪು ಬಂದು ಕೂತಿದೆ.

ಕೊನೆಗೆ ತೂಕ. ಹಿಂದೆ ಎಷ್ಟೋ ಸಾಮಾನುಗಳನ್ನು ನಿಗದಿಯಾದ ತೂಕಗಳಲ್ಲೇ ಪ್ಯಾಕ್ ಮಾಡಬೇಕಿತ್ತು. ಈಗ ಆ ಕಟ್ಟುಪಾಡಿಲ್ಲ. ಬದಲಿಗೆ ಗ್ರಾಮಿಗೆ ಇಷ್ಟು ರೂಪಾಯಿ ಎಂದು ಬೆಲೆ ಮುದ್ರಿಸಬೇಕು. ಎಂಆರ್‌ಪಿ ಬಿಟ್ಟು ಆ ಸಾಲನ್ನು ಹೋಲಿಸಿ. ‘ಪುಡಿಯ ಖಾರ ಕಡಿಮೆಯಾಗಿದೆ’ ಎನ್ನುವ ಮನೆಯಲ್ಲಿ ತಿಂಗಳಿಗೊಂದು ಪ್ಯಾಕೆಟ್ಟು ಎಂಬ ಲೆಕ್ಕ ಹಾಗೇ ಇದ್ದು, ಪ್ಯಾಕೆಟ್ಟು 200 ಗ್ರಾಂನಿಂದ 180ಕ್ಕೆ ಇಳಿದು, ಅಡುಗೆಯವರು ಗೊತ್ತಿಲ್ಲದೆಯೇ ಕೈ ಬಿಗಿ ಹಿಡಿದಿರಬಹುದು. ತೂಗಿ ನೋಡುವಾಗ ಒಂದೇ ಪ್ಯಾಕೆಟ್ಟನ್ನು ನಂಬಬೇಡಿ. 200 ಗ್ರಾಂ ಪೊಟ್ಟಣಕ್ಕೆ 9 ಗ್ರಾಂವರೆಗಿನ ಹೆಚ್ಚುಕಡಿಮೆಯನ್ನು ಕಾನೂನು ಒಪ್ಪುತ್ತದೆ; ಮೂರು ನಾಲ್ಕು ಪ್ಯಾಕೆಟ್ಟುಗಳ ಸರಾಸರಿ ಕಡಿಮೆ ಬಂದರೆ ಮಾತ್ರ ಮಾತನಾಡಿ.

ದೂರುವ ಮುನ್ನ

ಕಂಪನಿಯ ತಪ್ಪಿಲ್ಲದೆಯೂ ಸಾಮಾನು ಬೇರೆಯಾಗಿ ವರ್ತಿಸುತ್ತದೆ. ಬೆಂಗಳೂರಿನಲ್ಲಿ ಮೊದಲ ಅನುಮಾನ ನೀರಿನ ಮೇಲೆ. ಕಾವೇರಿ ನೀರಿನಲ್ಲಿ ಸೊಂಪಾಗಿ ನೊರೆ ಬರುವ ಸೋಪು ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಿಳಿ ಗಸಿಯಾಗಿ ಬಕೆಟ್ಟಿಗೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಟ್ಯಾಂಕರು ಬಂದ ವಾರ ‘ಸೋಪು ಕೆಟ್ಟಿತು’ ಎನ್ನುವುದು ಇದರಿಂದ. ಇದಕ್ಕೆ ತಿರುಗುಮುರುಗೂ ಉಂಟು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾದ ಮೇಲೆ ಹೊರವಲಯದ 110 ಹಳ್ಳಿಗಳ ಕಡೆ ಸಂಪರ್ಕ ಸಿಕ್ಕ ಮನೆಗಳಲ್ಲಿ ಅದೇ ಸೋಪು ‘ಸುಧಾರಿಸಿದೆ’ ಎನಿಸಿದರೆ ಅದರ ಶ್ರೇಯಸ್ಸೂ ಕಂಪನಿಯದಲ್ಲ.

ಇದನ್ನು ಬಿಡಿಸಿಕೊಳ್ಳಲು ಒಂದು ಉಪಾಯವಿದೆ. ಮಾಲೀಕರು ಬದಲಾಗದ ಒಂದು ಸಾಮಾನನ್ನು ಜೊತೆಗಿಟ್ಟುಕೊಂಡು ಪರೀಕ್ಷಿಸಿ. ಸೋಪಿಗೆ ಇದು ಸಲೀಸು: ಗಂಧದೆಣ್ಣೆಯ ಕಾರ್ಖಾನೆ ಶುರುವಾದ 1916ರಿಂದಲೂ ಮೈಸೂರು ಸ್ಯಾಂಡಲ್ ಸರ್ಕಾರದ ಕೈಯಲ್ಲೇ ಇದೆ. ಅದರ ನೊರೆಯೂ ಕುಸಿದಂತೆ ಕಂಡರೆ ತಪ್ಪು ನಲ್ಲಿಯದು.

ಕಚ್ಚಾ ಮಾಲಿನ ಬೆಲೆ ಇನ್ನೊಂದು. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಪಾಮ್ ಎಣ್ಣೆಯ ಮೇಲಿನ ಒಟ್ಟು ಆಮದು ಸುಂಕ 5.5ರಿಂದ ಶೇ. 27.5ಕ್ಕೆ ಏರಿತು. ಸೋಪಿನ ಮುಖ್ಯ ಸಾಮಗ್ರಿಯೇ ಅದು. ಅಂಥ ಸಮಯದಲ್ಲಿ ಬೆಲೆಯೋ ತೂಕವೋ ಬದಲಾದರೆ ಅದು ಮಾರಾಟವಾದ ಬ್ರಾಂಡಿಗೂ ಆಗದ ಬ್ರಾಂಡಿಗೂ ಒಂದೇ ಹೊಡೆತ. ಮೆಣಸಿನಕಾಯಿಯೂ ಹಾಗೆಯೇ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬೆಳೆ ಹೇಗೆ ಬಂತು, ಎಷ್ಟು ದಿನ ಕೋಲ್ಡ್ ಸ್ಟೋರೇಜಿನಲ್ಲಿತ್ತು ಎಂಬುದರ ಮೇಲೆ ಎರಡರ ಪಾಲೂ ಏರಿಳಿಯುತ್ತದೆ. ಹೊಸ ಬೆಳೆಯ ಪುಡಿ ಕೆಂಪಾಗಿರುತ್ತದೆ, ಹಳೆಯದು ಬೆಳಕಿಗೆ ಬಿದ್ದಷ್ಟೂ ಕಂದುತ್ತದೆ. ಬಣ್ಣ ನೋಡಿಯೇ ತೀರ್ಪು ಕೊಡುವುದು ಬೇಡ.

ಪ್ಯಾಕೆಟ್ಟಿನ ವಯಸ್ಸನ್ನೂ ಮರೆಯಬಾರದು. ತಯಾರಾದ ತಿಂಗಳು ಎರಡಕ್ಕೂ ಹತ್ತಿರವಿರಬೇಕು. ತಯಾರಾಗಿ ಎಂಟು ತಿಂಗಳಾದ ಪುಡಿಯನ್ನು ಹೋದ ತಿಂಗಳಿನದರ ಜೊತೆ ಹೋಲಿಸಿದರೆ ಗೆಲ್ಲುವುದು ತಾಜಾತನ. ಮಾರಾಟದ ಸುದ್ದಿ ಬಂದ ವಾರವೇ ಹೊಸ ಪ್ಯಾಕೆಟ್ಟು ತಂದು ಮೂಗು ಮುರಿಯುವುದಂತೂ ವ್ಯರ್ಥ, ಅಂಗಡಿಯಲ್ಲಿರುವುದು ಹಳೆಯ ಮಾಲೀಕರ ಕಾಲದ ಸರಕೇ.

ಸಾರಿನ ಪುಡಿ: ಮೂರು ಲೋಟದ ಪರೀಕ್ಷೆ

ಮಾರಾಟದ ಸುದ್ದಿ ಕಿವಿಗೆ ಬಿದ್ದ ಕೂಡಲೇ ಒಂದು ಪ್ಯಾಕೆಟ್ಟು ಹೆಚ್ಚಿಗೆ ತನ್ನಿ. ಅದರಲ್ಲಿ 50 ಗ್ರಾಂ ಪುಡಿಯನ್ನು ಒಣಗಿದ ಗಾಜಿನ ಬಾಟಲಿಗೆ ಬಾಯಿವರೆಗೆ ಒತ್ತಿ ತುಂಬಿ, ಮುಚ್ಚಳ ಬಿಗಿದು, ಬ್ಯಾಚ್ ಸಂಖ್ಯೆ ಬರೆದ ಚೀಟಿ ಅಂಟಿಸಿ ಫ್ರೀಜರಿನಲ್ಲಿಡಿ. ಗಾಳಿ, ಬೆಳಕು, ಶಾಖ ಮೂರೂ ಇಲ್ಲದಿದ್ದರೆ ಪರಿಮಳದ ಎಣ್ಣೆ ಬೇಗ ಹಾರುವುದಿಲ್ಲ. ಆರು ತಿಂಗಳು ಧೈರ್ಯವಾಗಿ ಇಡಬಹುದು. ಪರೀಕ್ಷೆಯ ಹಿಂದಿನ ರಾತ್ರಿ ಹೊರಗೆ ತೆಗೆದಿಟ್ಟು, ಬಾಟಲಿ ಕೋಣೆಯ ಶಾಖಕ್ಕೆ ಬಂದ ಮೇಲಷ್ಟೇ ಮುಚ್ಚಳ ತೆರೆಯಿರಿ. ತಣ್ಣಗಿರುವಾಗ ತೆರೆದರೆ ಒಳಗೆ ಹನಿಗಟ್ಟಿ ಪುಡಿ ಗಂಟಾಗುತ್ತದೆ, ಪರೀಕ್ಷೆ ಅಲ್ಲಿಗೆ ಮುಗಿಯಿತು. ಹೊಸ ಪ್ಯಾಕೆಟ್ಟಿನ ಪುಡಿಯನ್ನೂ ಎರಡು ದಿನ ಹೀಗೇ ಫ್ರೀಜರಿನಲ್ಲಿಟ್ಟು ತೆಗೆದರೆ ಎರಡಕ್ಕೂ ಒಂದೇ ಉಪಚಾರವಾದಂತೆ.

ಬೇಳೆ, ಹುಣಿಸೆಹಣ್ಣು, ಟೊಮೆಟೊ, ಒಗ್ಗರಣೆ ಯಾವುದೂ ಬೇಡ. ಅವು ಪುಡಿಯ ದೋಷವನ್ನು ಮುಚ್ಚುತ್ತವೆ. ಒಳ್ಳೆ ತುಪ್ಪದ ಒಗ್ಗರಣೆ ಬಿದ್ದರೆ ಕೆಟ್ಟ ಪುಡಿಯೂ ಪಾಸು. ಎರಡು ಒಂದೇ ಅಳತೆಯ ಪಾತ್ರೆಗಳಲ್ಲಿ 600 ಮಿ.ಲೀ. ನೀರು, 12 ಗ್ರಾಂ ಪುಡಿ, 3 ಗ್ರಾಂ ಉಪ್ಪು ಹಾಕಿ. ಪುಡಿಯನ್ನು ಚಮಚದಲ್ಲಿ ಅಳೆಯಬೇಡಿ, ತೂಗಿ. ನುಣ್ಣಗೆ ಬೀಸಿದ್ದು ಚಮಚದಲ್ಲಿ ಹೆಚ್ಚು ಕೂರುತ್ತದೆ. ಒಂದೇ ಉರಿಯಲ್ಲಿ ಕುದಿ ಬಂದ ಮೇಲೆ ಐದು ನಿಮಿಷ ಬಿಡಿ. ಇಳಿಸಿ ಎರಡು ನಿಮಿಷ ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನು ಸ್ಟೀಲ್ ಲೋಟಗಳಿಗೆ 40 ಮಿ.ಲೀ.ಯಂತೆ ಬಗ್ಗಿಸಿ. ಸ್ಟೀಲ್ ಲೋಟವೇ ಯಾಕೆಂದರೆ ಗಾಜಿನಲ್ಲಿ ಬಣ್ಣ ಕಣ್ಣಿಗೆ ಚಾಡಿ ಹೇಳುತ್ತದೆ. ಲೋಟ ಕೈಯಲ್ಲಿ ಹಿಡಿಯುವಷ್ಟು ಬಿಸಿ ಇರಲಿ. ಸುಡುವ ಸಾರಿನಲ್ಲಿ ಖಾರವೊಂದೇ ಗೊತ್ತಾಗುವುದು.

ಒಂದೊಂದು ಸುತ್ತಿಗೆ ಮೂರು ಲೋಟ. ಎರಡರಲ್ಲಿ ಒಂದೇ ಪುಡಿಯ ಸಾರು, ಮೂರನೆಯದರಲ್ಲಿ ಬೇರೆ. ಹಳೆಯದು ‘ಅ’, ಹೊಸದು ‘ಬ’ ಎಂದುಕೊಳ್ಳಿ. ಯಾವ ಕ್ರಮ ಎಂಬುದನ್ನು ದಾಳ ನಿರ್ಧರಿಸಲಿ: 1 ಬಿದ್ದರೆ ಅಅಬ, 2ಕ್ಕೆ ಅಬಅ, 3ಕ್ಕೆ ಬಅಅ, 4ಕ್ಕೆ ಬಬಅ, 5ಕ್ಕೆ ಬಅಬ, 6ಕ್ಕೆ ಅಬಬ. ಬಗ್ಗಿಸುವವರು ಒಳಗಿರಲಿ, ಕುಡಿಯುವವರು ಹೊರಗೆ. ಲೋಟ ತಂದಿಡುವವರು ಬಗ್ಗಿಸಿದವರಲ್ಲದೆ ಮೂರನೆಯವರಾದರೆ ಇನ್ನೂ ಒಳ್ಳೆಯದು, ಮುಖ ನೋಡಿಯೇ ಉತ್ತರ ಊಹಿಸುವ ಅತ್ತೆಯರು ಎಲ್ಲ ಮನೆಯಲ್ಲೂ ಇರುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಮೂರರಲ್ಲಿ ಬೇರೆಯಾದದ್ದು ಯಾವುದು? ಯಾವುದು ಚೆನ್ನಾಗಿದೆ ಎಂದು ಈಗಲೇ ಕೇಳಬೇಡಿ. ನಡುವೆ ಎರಡು ಗುಟುಕು ನೀರು, ಒಂದು ತುತ್ತು ಬರೀ ಅನ್ನ. ಗೊತ್ತಾಗಲಿಲ್ಲ ಎಂದರೆ ಬಿಡಬೇಡಿ, ಊಹಿಸಿಯಾದರೂ ಒಂದನ್ನು ತೋರಿಸಬೇಕು.

ಬರೀ ಊಹೆಯಿಂದಲೇ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಒಂದೆರಡು ಸುತ್ತು ಗೆದ್ದದ್ದು ಲೆಕ್ಕಕ್ಕಿಲ್ಲ. ಐದು ಸುತ್ತಿನಲ್ಲಿ ನಾಲ್ಕು ಸರಿಯಾದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ಆರರಲ್ಲಿ ಐದು ಸರಿಯಾದರೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಎಷ್ಟು ಸುತ್ತು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಗೆಲ್ಲುವವರೆಗೆ ಆಡುತ್ತಾ ಹೋದರೆ ಅದು ಪರೀಕ್ಷೆಯಲ್ಲ. ಮನೆಯಲ್ಲಿ ಮೂವರಿದ್ದರೆ ತಲಾ ಎರಡು ಸುತ್ತು ಹಂಚಿಕೊಳ್ಳಬಹುದು. ಒಬ್ಬರಿಗೇ ಆರು ಸುತ್ತು ಕುಡಿಸಿದರೆ ನಾಲಿಗೆ ಮಂಕಾಗುತ್ತದೆ. ನೆಗಡಿ ಇದ್ದವರು, ಈಗಷ್ಟೇ ಕಾಫಿ ಕುಡಿದವರು ಬೇಡ.

ವ್ಯತ್ಯಾಸ ಇದೆ ಎಂದು ಸಾಬೀತಾದ ಮೇಲೆ ಎರಡೇ ಲೋಟ ಇಟ್ಟು ಯಾವುದು ಮೇಲು ಎಂದು ಕೇಳಿ, ಏನು ಕಡಿಮೆ ಎಂದು ಬರೆಸಿ. ಖಾರವೋ, ಇಂಗೋ, ಹುರಿದ ಧನಿಯದ ಘಮವೋ? ಬೇರೆ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಹೊಸ ಮಾಲೀಕರ ಪುಡಿಯನ್ನೇ ಮಕ್ಕಳು ಮೆಚ್ಚಿ ಹಿರಿಯರು ಪೆಚ್ಚಾಗುವುದಕ್ಕೂ ಸಿದ್ಧರಿರಿ. ಇನ್ನು ವ್ಯತ್ಯಾಸ ಗೊತ್ತಾಗಲೇ ಇಲ್ಲವೆಂದರೆ ಪುಡಿ ಕಿಂಚಿತ್ತೂ ಬದಲಾಗಿಲ್ಲ ಎಂದು ಸಾಬೀತಾಗುವುದಿಲ್ಲ. ನಿಮ್ಮ ಮನೆಯ ನಾಲಿಗೆಗೆ ತಿಳಿಯುವಷ್ಟು ಬದಲಾಗಿಲ್ಲ ಎಂದಷ್ಟೇ. ಕೊಳ್ಳುವುದಕ್ಕೆ ಅಷ್ಟು ಸಾಕು.

ಪಾತ್ರೆಯಲ್ಲಿ ಉಳಿದ ಸಾರನ್ನು ಕದಡಿ, ಎರಡು ಒಂದೇ ಬಗೆಯ ಗಾಜಿನ ಲೋಟಕ್ಕೆ ಒಂದೇ ಮಟ್ಟಕ್ಕೆ ಸುರಿದು ಅರ್ಧ ಗಂಟೆ ಅಲುಗಿಸದೆ ಇಟ್ಟರೆ ತಳದ ಗಸಿಯನ್ನು ಸ್ಕೇಲಿನಿಂದ ಅಳೆಯಬಹುದು. ಒಂದರಲ್ಲಿ ಗಸಿ ಎದ್ದು ಕಾಣುವಷ್ಟು ಹೆಚ್ಚು, ಮೇಲಿನ ನೀರು ಗಂಜಿಯಂತೆ ಮಬ್ಬು ಎಂದಾದರೆ ಬೇಳೆಯ ಅಥವಾ ಹಿಟ್ಟಿನ ಪಾಲು ಏರಿರಬಹುದು. ಪದಾರ್ಥಗಳ ಪಟ್ಟಿಯೊಂದಿಗೆ ತಾಳೆ ನೋಡಿ.

ಕಾಫಿಪುಡಿ

ಪ್ಯಾಕೆಟ್ಟಿನ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಲೇಬೇಕು, ಎರಡರ ಪಾಲನ್ನೂ ಮುದ್ರಿಸಲೇಬೇಕು. 70:30 ಇದ್ದದ್ದು 60:40 ಆಗಿದೆಯೆ ನೋಡಿ. ಅರ್ಧ ಅನುಮಾನ ಅಲ್ಲೇ ತೀರುತ್ತದೆ. ಚಿಕೋರಿ ಹೆಚ್ಚಿದರೆ ಡಿಕಾಕ್ಷನ್ನು ಮಂದವಾಗಿ, ಕಪ್ಪಾಗಿ ಬರುತ್ತದೆ, ಹಾಗಾಗಿ ‘ಸ್ಟ್ರಾಂಗ್ ಆಗಿದೆ’ ಎಂದು ಹಲವರು ಮೋಸಹೋಗುತ್ತಾರೆ. ಎರಡು ಲೋಟ ತಣ್ಣೀರಿನ ಮೇಲೆ ಅರ್ಧರ್ಧ ಚಮಚ ಪುಡಿ ಉದುರಿಸಿ. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಕೂಡಲೇ ಮುಳುಗುತ್ತದೆ.

ರುಚಿ ನೋಡುವುದಾದರೆ ಒಂದೇ ಅಳತೆಯ ಎರಡು ಫಿಲ್ಟರು, 20 ಗ್ರಾಂ ಪುಡಿ, 120 ಮಿ.ಲೀ. ನೀರು. ಸುಮಾರು 920 ಮೀಟರ್ ಎತ್ತರದ ನಮ್ಮೂರಿನಲ್ಲಿ ನೀರು ಕುದಿಯುವುದೇ ಹೆಚ್ಚುಕಡಿಮೆ 97 ಡಿಗ್ರಿಗೆ, ಆದ್ದರಿಂದ ಕುದಿದ ಕೂಡಲೇ ಸುರಿಯಬಹುದು. ಹಾಲು ಬೆರೆಸುವುದಾದರೆ ಒಂದೇ ಪ್ಯಾಕೆಟ್ಟಿನದು. ಮುಂದಿನದು ಮೂರು ಲೋಟದ ಪರೀಕ್ಷೆಯೇ.

ಸೋಪು

ಇಲ್ಲಿ ನಾಲಿಗೆಯ ಹಂಗಿಲ್ಲ, ಕವರಿನಲ್ಲೇ ತೀರ್ಪಿದೆ. ಟಿಎಫ್‌ಎಂ ಎಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶ. ಟಾಯ್ಲೆಟ್ ಸೋಪಿನ ಮೊದಲ ದರ್ಜೆಗೆ ಅದು ಕನಿಷ್ಠ ಶೇ. 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60. ‘ಬೇತಿಂಗ್ ಬಾರ್’ ಎಂದಿದ್ದರೆ 40 ಇದ್ದರೂ ನಡೆಯುತ್ತದೆ. ಹಳೆಯ ಕವರಿನಲ್ಲಿ ‘ಟಾಯ್ಲೆಟ್ ಸೋಪ್, ಗ್ರೇಡ್ 1’ ಎಂದಿದ್ದು ಹೊಸದರಲ್ಲಿ ಗ್ರೇಡ್ ಸಂಖ್ಯೆ ಏರಿದ್ದರೆ ಅಥವಾ ಹೆಸರೇ ‘ಬೇತಿಂಗ್ ಬಾರ್’ ಆಗಿದ್ದರೆ ಸೋಪು ಇಳಿದಿದೆ ಎಂದು ಕಂಪನಿಯೇ ಬರೆದುಕೊಟ್ಟಂತೆ.

ಗ್ರೇಡ್ ಹಾಗೇ ಇದ್ದೂ ಬೇಗ ಕರಗುತ್ತದೆ ಎನಿಸಿದರೆ, ಎರಡೂ ಸೋಪುಗಳಿಂದ ಒಂದೇ ಆಕಾರದ 30 ಗ್ರಾಂ ತುಂಡು ಕತ್ತರಿಸಿ ತೂಗಿ, ಬೇರೆಬೇರೆ ಬಟ್ಟಲಿನಲ್ಲಿ 100 ಮಿ.ಲೀ. ಆರ್‌ಒ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ. ತೆಗೆದು, ಮೇಲಿನ ಲೋಳೆಯನ್ನು ಹಳೆಯ ಎಟಿಎಂ ಕಾರ್ಡಿನಂಥದ್ದರಿಂದ ಮೆಲ್ಲಗೆ ಕೆರೆದು, ಒಂದು ದಿನ ನೆರಳಲ್ಲಿ ಒಣಗಿಸಿ ಮತ್ತೆ ತೂಗಿ. ಹೆಚ್ಚು ಕಳೆದುಕೊಂಡದ್ದು ಬಚ್ಚಲಲ್ಲೂ ಬೇಗ ಮುಗಿಯುತ್ತದೆ. ಎರಡೂ ಹೊಸದಾಗಿ ಕವರು ಬಿಚ್ಚಿದ್ದಾಗಿರಬೇಕು. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಸೋಪು ನೀರಿನಂಶ ಕಳೆದುಕೊಂಡು ಗಟ್ಟಿಯಾಗಿರುತ್ತದೆ. ಕವರಿನ ಮೇಲೆ ‘ಪ್ಯಾಕ್ ಮಾಡಿದಾಗಿನ ತೂಕ’ ಎಂದು ಬರೆಯುವುದು ಅದಕ್ಕೇ.

ನೊರೆಯನ್ನು ನಂಬಬೇಡಿ. ಟಿಎಫ್‌ಎಂ ಕಡಿಮೆಯಿದ್ದೂ ನೊರೆಯ ರಾಸಾಯನಿಕ ಬೆರೆಸಿದ ಬಾರು ಒಳ್ಳೆಯ ಸೋಪಿಗಿಂತ ಜೋರಾಗಿ ನೊರೆಗರೆಯುತ್ತದೆ.

ಮಿಕ್ಸಿ

ಕಂಪನಿ ಕೈ ಬದಲಾದಾಗ ಮಿಕ್ಸಿಯ ವಿಷಯದಲ್ಲಿ ಹೆಚ್ಚು ಚಿಂತಿಸಬೇಕಾದದ್ದು ಮೋಟಾರಿನ ಬಗ್ಗೆ ಅಲ್ಲ, ಬಿಡಿಭಾಗ ಮತ್ತು ಸರ್ವಿಸಿನ ಬಗ್ಗೆ. ಕೊಳ್ಳುವ ಮೊದಲೇ ಆ ಮಾಡೆಲಿನ ಕಪ್ಲರ್ (ಮೋಟಾರಿಗೂ ಜಾರಿಗೂ ನಡುವಿನ ಹಲ್ಲಿನ ಕೊಂಡಿ), ಜಾರಿನ ಬುಷ್, ಗ್ಯಾಸ್ಕೆಟ್, ಕಾರ್ಬನ್ ಬ್ರಷ್ ಸಿಗುತ್ತವೆಯೆ ಎಂದು ಹತ್ತಿರದ ಸರ್ವಿಸ್ ಸೆಂಟರಿಗೂ ಬಿವಿಕೆ ಅಯ್ಯಂಗಾರ್ ರಸ್ತೆಯ ಒಂದು ಅಂಗಡಿಗೂ ಕೇಳಿ. ಹಳೆಯ ಜಾರು ಹೊಸ ಮಿಕ್ಸಿಗೆ ಕೂರುತ್ತದೆಯೆ ಎಂದೂ ಕೇಳಿ. ಕಪ್ಲರಿನ ಹಲ್ಲಿನ ಅಳತೆ ಬದಲಿಸಿಬಿಟ್ಟರೆ ಮನೆಯ ಮೂರು ಜಾರೂ ಅಟ್ಟ ಸೇರುತ್ತವೆ. ವಾರಂಟಿ ಕಾರ್ಡಿನಲ್ಲಿ ಮೋಟಾರಿಗೆ ಎಷ್ಟು ವರ್ಷ, ಉಳಿದ ಭಾಗಕ್ಕೆ ಎಷ್ಟು, ಹಳೆಯ ಮಾಲೀಕರ ಕಾಲದ ಬಿಲ್ಲಿಗೆ ಈಗ ಉತ್ತರ ಕೊಡುವವರು ಯಾರು ಎಂಬುದನ್ನು ಇಮೇಲಿನಲ್ಲಿ ಕೇಳಿ ಇಟ್ಟುಕೊಳ್ಳಿ.

ಇನ್ನು ಯಂತ್ರ. ಹಳೆಯದನ್ನೂ ಹೊಸದನ್ನೂ ಜಾರಿಲ್ಲದೆ ತೂಗಿ. ವ್ಯಾಟ್ ಒಂದೇ ಇದ್ದು ಹೊಸದು ತುಂಬ ಹಗುರವಾಗಿದ್ದರೆ ಸುರುಳಿಯ ತಂತಿ ತಾಮ್ರದ್ದೋ ಅಲ್ಯೂಮಿನಿಯಂನದ್ದೋ ಎಂದು ವಿಚಾರಿಸಿ. ವೈರಿನ ಉದ್ದ, ಜಾರಿನ ತಗಡಿನ ದಪ್ಪ, ತಳದ ರಬ್ಬರ್ ಕಾಲುಗಳು — ಖರ್ಚು ಉಳಿಸುವವರು ಮೊದಲು ಕೈ ಹಾಕುವುದು ಇಂಥ ಕಡೆ. ಅಯಸ್ಕಾಂತ ಹಿಡಿದು ಸ್ಟೀಲು ಪರೀಕ್ಷಿಸುವುದರಿಂದ ಹೆಚ್ಚೇನೂ ತಿಳಿಯದು. 304 ದರ್ಜೆಯ ಸ್ಟೀಲಿಗೂ ಅಗ್ಗದ 202ಕ್ಕೂ ಅದು ಅಂಟುವುದು ಅಷ್ಟಕ್ಕಷ್ಟೆ.

ಕೆಲಸದ ಪರೀಕ್ಷೆಗೆ 50 ಗ್ರಾಂ ಧನಿಯ, 10 ಬ್ಯಾಡಗಿ ಮೆಣಸಿನಕಾಯಿ ಹುರಿದು ಪೂರ್ತಿ ಆರಿಸಿ, ಸಣ್ಣ ಜಾರಿನಲ್ಲಿ ಸರಿಯಾಗಿ 60 ಸೆಕೆಂಡು ತಿರುಗಿಸಿ. ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು ಮೇಲೆ ಉಳಿದದ್ದನ್ನು ತೂಗಿ. ಎರಡು ಮಿಕ್ಸಿಗೂ ಒಂದೇ ಸಾಕೆಟ್ಟು, ಒಂದೇ ಹೊತ್ತು, ನಡುಮಧ್ಯಾಹ್ನವಾದರೆ ಉತ್ತಮ. ಸಂಜೆ ಎಲ್ಲರ ಮನೆಯ ಲೋಡು ಬಿದ್ದು ವೋಲ್ಟೇಜು ಇಳಿದರೆ ಮಿಕ್ಸಿಯ ವೇಗವೂ ಇಳಿಯುತ್ತದೆ. ಹಳೆಯ ಮಿಕ್ಸಿಯ ಬ್ಲೇಡು ಸವೆದಿದ್ದರೆ ಹೊಸ ಜಾರನ್ನೇ ಎರಡಕ್ಕೂ ಹಾಕಿ ನೋಡಿ, ಕೂರುವುದಾದರೆ.

ಮೊದಲ ಕೆಲವು ಸಲ ಸ್ವಲ್ಪ ಸುಟ್ಟ ವಾಸನೆ ಬರುವುದು ಸುರುಳಿಯ ವಾರ್ನಿಷ್ ಬಿಸಿಯಾಗಿ; ಅದು ದೋಷವಲ್ಲ. ಹೊಗೆ ಬಂದರೆ ದೋಷ. ನಡುವೆ ನಿಂತುಹೋದರೆ ತಳದ ಕೆಂಪು ಗುಂಡಿ ಹೊರಬಂದಿರುತ್ತದೆ. ಐದ್ಹತ್ತು ನಿಮಿಷ ಆರಲು ಬಿಟ್ಟು ಒತ್ತಿ. ಮಾಮೂಲಿ ಅಳತೆಗೇ ಪದೇ ಪದೇ ಹೀಗಾದರೆ ಜಾರಿನ ಬ್ಲೇಡನ್ನು ಕೈಯಿಂದ ಜೋಪಾನವಾಗಿ ತಿರುಗಿಸಿ ನೋಡಿ. ಬುಷ್ ಬಿಗಿದಿದ್ದರೆ ಜಾರಿನ ತಪ್ಪು, ಸಲೀಸಾಗಿ ತಿರುಗಿದರೆ ಮೋಟಾರಿನದು. ಕಪ್ಲರ್ ಮುರಿದದ್ದಕ್ಕೆ ಕಂಪನಿಯನ್ನು ಬೈಯುವ ಮೊದಲೂ ಇದನ್ನೇ ನೋಡಿ. ಜಾರು ಬಿಗಿದಾಗ ಮೋಟಾರು ಸುಡದಿರಲೆಂದೇ ಮೊದಲು ಅದು ಮುರಿಯುತ್ತದೆ.

ಬದಲಾವಣೆ ಖಚಿತವಾದ ಮೇಲೆ

ಪಾಕ ಬದಲಿಸುವುದು ಅಪರಾಧವಲ್ಲ; ಕವರಿನ ಮೇಲೆ ಸರಿಯಾಗಿ ಬರೆದಿದ್ದರೆ ದೂರಿಗೆ ಆಸ್ಪದವಿಲ್ಲ. ಆಗ ನಿಮಗಿರುವುದು ಬೇರೆ ಬ್ರಾಂಡಿಗೆ ಹೋಗುವ ದಾರಿ, ಅಥವಾ ಕಂಪನಿಯ ಗ್ರಾಹಕ ಸೇವೆಗೆ ಬರೆಯುವುದು. ಬರೆಯುವಾಗ ‘ಮೊದಲಿನ ಹಾಗಿಲ್ಲ’ ಎಂದಷ್ಟೇ ಹೇಳಿದರೆ ಒಂದು ಕೂಪನ್ನು ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಎರಡೂ ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಘಟಕದ ಅಕ್ಷರ, ಆರು ಸುತ್ತಿನಲ್ಲಿ ಎಷ್ಟು ಸರಿ ಎಂಬ ಲೆಕ್ಕ, ಸೋಡಿಯಂನ ಎರಡು ಅಂಕಿ ಬರೆದರೆ ಪತ್ರ ಗುಣಮಟ್ಟದ ವಿಭಾಗದವರೆಗೆ ಹೋಗುವ ಸಂಭವ ಹೆಚ್ಚು.

ಕವರಿನ ಮೇಲಿರುವುದೇ ಸುಳ್ಳು ಎನಿಸಿದರೆ, ಅಂದರೆ ತೂಕ ಕಡಿಮೆ, ಕಲಬೆರಕೆಯ ಅನುಮಾನ, ವಾರಂಟಿಗೆ ಉತ್ತರವಿಲ್ಲ ಎಂದಾದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಿಲ್ಲು, ಕವರು, ಉಳಿದ ಸಾಮಾನು ಮೂರೂ ಇರಲಿ. ಆಹಾರದ ವಿಷಯದಲ್ಲಿ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಕೊಳ್ಳುವಾಗಲೇ ಅಂಗಡಿಯವರಿಗೆ ಆ ಉದ್ದೇಶ ತಿಳಿಸಿರಬೇಕು. ಮನೆಯಲ್ಲಿ ಅರ್ಧ ಬಳಸಿದ ಪ್ಯಾಕೆಟ್ಟು ಒಯ್ದರೆ ನಡೆಯದು. ನಿಯಮಕ್ಕೆ ವಿರುದ್ಧವಾದದ್ದು ಕಂಡುಬಂದರೆ ಕಟ್ಟಿದ ಶುಲ್ಕ ವಾಪಸು ಬರುತ್ತದೆ.